ಬಾಡಿಗೆ ಮನೆಯಲ್ಲಿ ಇವಿ ಚಾರ್ಜರ್: ಮೊದಲು ಮೀಟರ್ ಯಾರದ್ದು ಅಂತ ನೋಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಬಾಡಿಗೆ ಮನೆ ನೋಡೋಕೆ ಬರುವವರು ಮೊದಲು ಕೇಳೋದು ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ ಅಂತ. ಈಗ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತೆ: "ಗಾಡಿ ಚಾರ್ಜಿಗೆ ಹಚ್ಚಾಕ ಪಾಯಿಂಟ್ ಐತೇನ್ರಿ?" ಮಾಲೀಕರು ಅಲ್ಲಿಗೆ ಸ್ವಲ್ಪ ಹಿಂದೆ ಸರಿಯುತ್ತಾರೆ. ಬಿಲ್ಲು ಎಷ್ಟು ಬರುತ್ತೋ, ವಾಯರ್ ಸುಡುತ್ತೋ ಏನೋ ಅನ್ನೋ ಹೆದರಿಕೆ.

ವೈರಿಂಗ್ ಕೆಲಸ ಮಾಡುವವನು ನಾನು. ಮಾಲೀಕರು, ಬಾಡಿಗೆದಾರರು ಇಬ್ಬರೂ ಚಾರ್ಜರ್ ಬಗ್ಗೆಯೇ ಮಾತಾಡುತ್ತಾರೆ, ಯಾವ ಕಂಪನಿದು, ಎಷ್ಟು ಫಾಸ್ಟು ಅಂತ. ಕರೆಂಟು ಯಾವ ಮೀಟರಿನಿಂದ ಬರುತ್ತೆ ಅಂತ ಕೇಳುವವರು ಕಡಿಮೆ. ಜಗಳ ಶುರುವಾಗೋದು ಅಲ್ಲಿಂದಲೇ.

ವಿದ್ಯಾನಗರ, ಗೋಕುಲ ರೋಡ್, ಸಪ್ತಾಪುರ ಕಡೆಯ ಎಷ್ಟೋ ಮನೆಗಳು ಒಂದೇ ನಮೂನೆ. ಕೆಳಗೆ ಮಾಲೀಕರು, ಮೇಲೆ ಒಂದೋ ಎರಡೋ ಬಾಡಿಗೆ ಮನೆ. ಎಲ್ಲರಿಗೂ ಬೇರೆ ಮೀಟರ್, ಅದಕ್ಕೆ ಬೇರೆ ಬೇರೆ ಆರ್‌ಆರ್ ನಂಬರ್ ಇರುತ್ತೆ, ಆದರೆ ಪಾರ್ಕಿಂಗಿನ ಲೈಟು ಮತ್ತು ಅಲ್ಲಿರುವ ಒಂದು ಪ್ಲಗ್ಗು ಮಾಲೀಕರ ಮೀಟರಿಗೇ ಸೇರಿರುತ್ತೆ. ಹೊಸ ಸ್ಕೂಟರ್ ತಂದ ಬಾಡಿಗೆದಾರರು ಅದೇ ಪ್ಲಗ್ಗಿಗೆ ಹಾಕುತ್ತಾರೆ, "ಕಾಕಾ, ತಿಂಗಳಿಗೆ ಎಷ್ಟಾಗ್ತೈತಿ ಹೇಳ್ರಿ, ಕೊಡ್ತೀನಿ" ಅಂತ ಹೇಳಿಯೇ ಹಾಕುತ್ತಾರೆ, ಮೋಸ ಏನಿಲ್ಲ.

ತೊಂದರೆ ಇರೋದು ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಲೆಕ್ಕದಲ್ಲಿ. ಹಳೇ ಸಂಪರ್ಕಗಳಿಗೆ 2022-23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಉಚಿತ ಮಿತಿ ಹಾಕಿದ್ದಾರೆ. ಅದನ್ನು ದಾಟಿದರೆ ದಾಟಿದ ಯುನಿಟ್ಟಿಗೆ ಮಾತ್ರ ಬಿಲ್ಲು. 200 ದಾಟಿದರೆ ಪೂರ್ತಿ ಬಿಲ್ಲು. ಈಗ ನೋಡಿ, ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬಂದರೆ ಸುಮಾರು 40 ಕಿಲೋಮೀಟರ್. ಸ್ಕೂಟರಿಗೆ ಅದಕ್ಕೆ ಒಂದೂವರೆ ಯುನಿಟ್ ಆಸುಪಾಸು ಬೇಕು, ತಿಂಗಳಿಗೆ 40 ಅಂದುಕೊಳ್ಳೋಣ. ಮಾಲೀಕರ ಮನೆಯಲ್ಲಿ 170 ಯುನಿಟ್ ಆಗುತ್ತಿದ್ದರೆ ಇದು ಸೇರಿ 210. ಬಾಡಿಗೆದಾರರ ಲೆಕ್ಕದಲ್ಲಿ ತಾವು ಬಳಸಿದ್ದು 40 ಯುನಿಟ್, ಇನ್ನೂರೈವತ್ತು ಕೊಟ್ಟರೆ ಮುಗೀತು. ಮಾಲೀಕರಿಗೆ ಸೊನ್ನೆ ಬರುತ್ತಿದ್ದ ಬಿಲ್ಲು ಸಾವಿರದ ಮೇಲೆ ಹೋಯಿತು. ಯಾರು ತಪ್ಪು ಹೇಳಿ?

ಸಬ್ ಮೀಟರ್ ಹಾಕಿದರೆ ಆಯ್ತಲ್ವಾ ಅಂತಾರೆ. ಆಗಲ್ಲ. ಸಬ್ ಮೀಟರ್ ನಿಮ್ಮಿಬ್ಬರ ನಡುವೆ ದುಡ್ಡು ಹಂಚೋಕೆ ಮಾತ್ರ, ಕರೆಂಟು ಕೊಡುವ ಹೆಸ್ಕಾಂ ನೋಡೋದು ದೊಡ್ಡ ಮೀಟರನ್ನೇ. ಹಾಗಾಗಿ ನಾನು ಯಾವಾಗಲೂ ಹೇಳೋದು ಒಂದೇ: ಬಾಡಿಗೆದಾರರ ಸ್ವಂತ ಮೀಟರಿನಿಂದಲೇ ಪಾರ್ಕಿಂಗಿಗೆ ಲೈನ್ ಎಳೆಯಿರಿ. ಕಷ್ಟದ ಕೆಲಸ ಅಲ್ಲ. ಎಲ್ಲ ಮೀಟರುಗಳೂ ಸಾಮಾನ್ಯವಾಗಿ ಕೆಳಗೆ ಮೆಟ್ಟಿಲ ಪಕ್ಕದ ಬೋರ್ಡಿನಲ್ಲೇ ಇರುತ್ತವೆ, ಮೇಲಿನ ಮನೆಯಿಂದ ವಾಯರ್ ಇಳಿಸುವ ಗೋಜೇ ಇಲ್ಲ. ಮೀಟರಿನ ನಂತರ ಒಂದು ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), ಅಲ್ಲಿಂದ ಪೈಪಿನೊಳಗೆ ವಾಯರ್. ಹೆಸ್ಕಾಂ ಸೀಲ್ ಮುಟ್ಟುವ ಹಾಗಿಲ್ಲ, ಅದಂತೂ ಗೊತ್ತಿರೋದೇ. ಮನೆಯ ಸಂಪರ್ಕದಿಂದ ಸ್ವಂತ ಗಾಡಿ ಚಾರ್ಜ್ ಮಾಡಬಹುದು ಅಂತ ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿಯಲ್ಲೇ ಇದೆ. ಇವಿ ಚಾರ್ಜಿಂಗಿಗೆ ಎಲ್‌ಟಿ-6ಸಿ ಅನ್ನೋ ಬೇರೆ ದರವರ್ಗವೂ ಉಂಟು, ಆದರೆ ಅದಕ್ಕೆ ಬೇರೆ ಸಂಪರ್ಕ, ತಿಂಗಳು ತಿಂಗಳು ನಿಗದಿತ ಶುಲ್ಕ. ಒಂದು ಸ್ಕೂಟರಿಗಾಗಿ ಅಷ್ಟೆಲ್ಲ ಓಡಾಟ ಸುಮ್ನೆ.

ಇನ್ನು ವಾಯರ್. ಸ್ಕೂಟರಿಗೆ ಹೆದರಬೇಕಾಗಿಲ್ಲ. ಜೊತೆಗೆ ಬರುವ ಚಾರ್ಜರ್ ಸಾಮಾನ್ಯವಾಗಿ ಒಂದು ಕಿಲೋವ್ಯಾಟಿನ ಒಳಗೇ ಇರುತ್ತೆ, ಮಿಕ್ಸರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅರ್ಥಿಂಗ್ ಸರಿ ಇರಲಿ, ಮಳೆ ನೀರು ಬಡಿಯದಿರಲಿ, ಸಾಕು. ಮೇಲಿನ ಮಹಡಿಯ ಕಿಟಕಿಯಿಂದ ತೆಳು ಎಕ್ಸ್‌ಟೆನ್ಷನ್ ವಾಯರ್ ಇಳಿಬಿಟ್ಟು, ಉಳಿದದ್ದನ್ನು ಸುರುಳಿ ಸುತ್ತಿಡುವುದು ಮಾತ್ರ ಬೇಡ. ಸುರುಳಿಯೊಳಗಿನ ಕಾವು ಹೊರಗೆ ಹೋಗಲ್ಲ.

ಕಾರಿನ ಮಾತು ಬೇರೆ. "ಗೀಸರ್ ನಡೀತೈತಿ ಅಂದ್ರ ಕಾರೂ ನಡೀತೈತಿ ಬಿಡ್ರಿ" ಅನ್ನುವ ಎಲೆಕ್ಟ್ರಿಷಿಯನ್‌ಗಳು ಬೇಕಾದಷ್ಟು ಇದ್ದಾರೆ. ಗೀಸರ್ ಹದಿನೈದು-ಇಪ್ಪತ್ತು ನಿಮಿಷ ಓಡಿ ತಾನೇ ಬಂದ್ ಆಗುತ್ತೆ. 3.3 ಕಿಲೋವ್ಯಾಟಿನ ಕಾರ್ ಚಾರ್ಜರ್ 14-15 ಆಂಪಿಯರ್ ಎಳೆಯುತ್ತಾ, 30 ಯುನಿಟ್ ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೆ ಒಂಬತ್ತು-ಹತ್ತು ತಾಸು ಬಿಡದೆ ಓಡುತ್ತೆ. ಸಡಿಲ ಸಾಕೆಟ್ ಇದ್ದರೆ ಮೊದಲು ಪಿನ್ನಿನ ಸುತ್ತ ಕಂದು ಬಣ್ಣ, ಆಮೇಲೆ ಪ್ಲಾಸ್ಟಿಕ್ ಕರಗಿದ ವಾಸನೆ. ಕಾರಿಗೆ ಬೇಕಾದ್ದು 4 ಸ್ಕ್ವೇರ್ ಎಂಎಂ ತಾಮ್ರದ ವಾಯರ್, ಅದಕ್ಕೇ ಮೀಸಲಾದ 20 ಆಂಪಿಯರ್ ಎಂಸಿಬಿ, ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಒಳ್ಳೇ ಕಂಪನಿಯ 16 ಆಂಪಿಯರ್ ಸಾಕೆಟ್. ಆರ್‌ಸಿಸಿಬಿ ಟೈಪ್ ಎ ಇರಲಿ ಅಂತ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ, ಇಲ್ಲದಿದ್ದರೆ ಅಗ್ಗದ ಎಸಿ ಟೈಪ್ ಕೊಟ್ಟು ಕಳಿಸುತ್ತಾರೆ.

ಶೋರೂಮಿನವರು 7.2 ಕಿಲೋವ್ಯಾಟಿನ ವಾಲ್ ಬಾಕ್ಸ್ (ಗೋಡೆಗೆ ಕೂರಿಸುವ ಚಾರ್ಜರ್) ಹಾಕಿಸಿಕೊಳ್ಳಿ ಅಂತಾರೆ. ಬಾಡಿಗೆ ಮನೆಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ದಿನದ ಆ 40 ಕಿಲೋಮೀಟರಿಗೆ ಕಾರಿಗೆ ಬೇಕಾಗೋದು ಆರೇಳು ಯುನಿಟ್, ಸಾಕೆಟ್ಟಿನಲ್ಲೇ ಎರಡು ತಾಸಿನ ಕೆಲಸ. ವಾಲ್ ಬಾಕ್ಸ್ ಬಂದರೆ 32 ಆಂಪಿಯರ್, ದಪ್ಪ ವಾಯರ್, ಹೆಸ್ಕಾಂನಲ್ಲಿ ಮಂಜೂರಾದ ಲೋಡ್ ಏರಿಸುವ ಅರ್ಜಿ. ಹಳೇ ಮನೆಗಳಿಗೆ ಒಂದೆರಡು ಕಿಲೋವ್ಯಾಟ್ ಇದ್ದರೆ ಹೆಚ್ಚು, 3.3ಕ್ಕೂ ಅರ್ಜಿ ಬೇಕಾಗಬಹುದು. ಏರಿಸಿದ ಪ್ರತಿ ಕಿಲೋವ್ಯಾಟಿಗೂ ನಿಗದಿತ ಶುಲ್ಕ ಸೇರುತ್ತೆ, ಬಾಡಿಗೆದಾರರು ಹೋದ ಮೇಲೂ ಅದು ಆ ಮೀಟರಿನಲ್ಲೇ ಉಳಿಯುತ್ತೆ. ಮಾಲೀಕರು ಒಪ್ಪದಿದ್ದರೆ ಅದಕ್ಕೂ ಕಾರಣ ಇದೆ ಅನ್ನಿ.

ಅರ್ಥಿಂಗ್ ವಿಷಯದಲ್ಲಿ ನಮ್ಮ ಕಡೆ ಒಂದು ವಿಶೇಷ ತಲೆನೋವು ಇದೆ. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ತೇವ ಹಿಡಿದು ಬಹಳ ಚೆನ್ನಾಗಿ ಕೆಲಸ ಮಾಡುತ್ತೆ, ಬೇಸಿಗೆಯಲ್ಲಿ ಬಿರಿದು ಅರ್ಥಿಂಗ್ ಪೈಪನ್ನೇ ಬಿಟ್ಟು ದೂರ ಸರಿಯುತ್ತೆ. ಜುಲೈನಲ್ಲಿ ಸರಿ ಇದ್ದ ಚಾರ್ಜರ್ ಏಪ್ರಿಲ್‌ನಲ್ಲಿ ಕೆಂಪು ಲೈಟ್ ತೋರಿಸಿ ನಿಂತರೆ ಚಾರ್ಜರ್ ಬಯ್ಯಬೇಡಿ, ಅರ್ಥಿಂಗ್ ಗುಂಡಿಗೆ ನೀರು ಹಾಕಿ, ಅಳೆಸಿ. 5 ಓಮ್ ಒಳಗೆ ಬರುವಂತೆ ನೋಡಿಕೊಳ್ಳುತ್ತೇವೆ ನಾವು. ಇದಕ್ಕೆ ಕೆಲವರು ಮಾಡುವ ಉಪಾಯ ಏನು ಗೊತ್ತಾ? ಸಾಕೆಟ್ಟಿನ ಒಳಗೆ ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಜೋಡಿಸಿಬಿಡುವುದು. ಕೆಂಪು ಲೈಟ್ ಹೋಗುತ್ತೆ, ಗಿರಾಕಿಗೆ ಖುಷಿ. ಮುಂದೆ ಯಾವತ್ತೋ ನ್ಯೂಟ್ರಲ್ ಕಡಿದರೆ ಕಾರಿನ ಮೈಯೆಲ್ಲ ಕರೆಂಟು. ಹಾಗೆ ಮಾಡುವವನನ್ನು ಮನೆಯೊಳಗೇ ಬಿಟ್ಟುಕೊಳ್ಳಬೇಡಿ.

ಖರ್ಚು ಯಾರದ್ದು? ಗೋಡೆಯಲ್ಲಿ ಉಳಿಯುವುದು, ಅಂದರೆ ವಾಯರ್, ಎಂಸಿಬಿ, ಸಾಕೆಟ್, ಅರ್ಥಿಂಗ್, ಮಾಲೀಕರದ್ದು, ಮುಂದಿನ ಬಾಡಿಗೆದಾರರಿಗೂ ಅದು ಬೇಕಾಗುತ್ತೆ. ಬಿಚ್ಚಿಕೊಂಡು ಹೋಗುವ ಚಾರ್ಜರ್ ಬಾಡಿಗೆದಾರರದ್ದು. ನಾನು ನೋಡಿದ ಮಟ್ಟಿಗೆ ಹೆಚ್ಚಿನವರು ಅರ್ಧರ್ಧ ಮಾಡಿಕೊಳ್ಳುತ್ತಾರೆ, ಅದೂ ಸರಿಯೇ. ಹನ್ನೊಂದು ತಿಂಗಳ ಕರಾರಿನಲ್ಲಿ ಎರಡು ಸಾಲು ಬರೆಸಿ: ಲೈನ್ ಯಾವ ಆರ್‌ಆರ್ ನಂಬರಿನಿಂದ, ಮನೆ ಬಿಡುವಾಗ ಏನು ಉಳಿಯುತ್ತೆ ಏನು ಹೋಗುತ್ತೆ. ಬಾಯಿಮಾತು ಡಿಪಾಜಿಟ್ ವಾಪಸ್ ಕೇಳುವ ದಿನ ಯಾರಿಗೂ ನೆನಪಿರಲ್ಲ.

ಅಪಾರ್ಟ್‌ಮೆಂಟಿನವರಿಗೆ ದಾರಿ ಬೇರೆ. 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ ಇವಿ ಚಾರ್ಜಿಂಗಿಗೆ ಬೇರೆ ಸಂಪರ್ಕ ಕೇಳಿ ಪಡೆಯಬಹುದು. ಬಾಡಿಗೆಗೆ ಇರುವವರು ಫ್ಲ್ಯಾಟ್ ಮಾಲೀಕರಿಂದ ಒಪ್ಪಿಗೆ ಪತ್ರ ತಗೊಂಡೇ ಅಸೋಸಿಯೇಷನ್ ಹತ್ತಿರ ಹೋಗಿ, ಇಲ್ಲದಿದ್ದರೆ ಮೊದಲ ಮೀಟಿಂಗಿನಲ್ಲೇ ವಾಪಸ್ ಕಳಿಸುತ್ತಾರೆ.