ಸೊಟ್ಟ ಬ್ಯಾರಲ್‌ಗೆ ಕೈಬಲ ಬೇಡ, ಬಿಸಿನೀರು ಕೊಡಿ

ಬೇಸಿಗೆ ಬಂತೆಂದರೆ ನನ್ನ ಮೇಜಿಗೆ ಬರುವ ರಿಪೇರಿಗಳಲ್ಲಿ ಹೆಚ್ಚಿನವು ಬ್ಯಾರಲ್ (ತೋಪಿನ ಕೊಳವೆ) ಮುರಿದ ರೆಸಿನ್ (ಕೃತಕ ರಾಳ) ಮಾದರಿ ಟ್ಯಾಂಕ್‌ಗಳೇ. ಕೊರಿಯರ್‌ನಲ್ಲಿ ಮುರಿದವಲ್ಲ, ಮನೆಯಲ್ಲಿ ನೆಟ್ಟಗೆ ಮಾಡಲು ಹೋಗಿ ಮುರಿದವು. "ಒಸಿ ಬಗ್ಗುಸ್ದೆ ಅಷ್ಟೇಯ ಸಾರ್, ಲಟಕ್ ಅಂತು" ಎಂದ ಮಂಡ್ಯದ ಹುಡುಗನ ಮುಖ ನೋಡಿ ಬೈಯಲೂ ಮನಸ್ಸಾಗಲಿಲ್ಲ.

ದಯವಿಟ್ಟು ಇದನ್ನು ತಿಳಿದುಕೊಳ್ಳಿ. ಅಚ್ಚಿಗೆ ಎರೆದು ಮಾಡಿದ ಪಾಲಿಯುರಿಥೇನ್ ರೆಸಿನ್ ತಣ್ಣಗಿರುವಾಗ ಗಡುಸು. ಬಗ್ಗಿಸಿದರೆ ಒತ್ತಡ ಒಳಗೇ ಸೇರಿಕೊಳ್ಳುತ್ತದೆ, ತೆಳ್ಳಗಿರುವ ಜಾಗದಲ್ಲೋ, ಒಳಗೆ ಗಾಳಿಗುಳ್ಳೆ ಇರುವ ಕಡೆಯೋ ಸಿಡಿಯುತ್ತದೆ. ಮುರಿಯದೆ ಉಳಿದರೂ ಕೈಬಿಟ್ಟ ಮೇಲೆ ಮತ್ತೆ ಸೊಟ್ಟಗಾಗುತ್ತದೆ. ಬಿಸಿ ತಾಗಿದರೆ ಅದೇ ರೆಸಿನ್ ಮೆತ್ತಗಾಗುತ್ತದೆ, ಹೇಳಿದ ಹಾಗೆ ಕೇಳುತ್ತದೆ. ಆ ಆಕಾರದಲ್ಲೇ ಹಿಡಿದು ತಣ್ಣಗೆ ಮಾಡಿದರೆ ಹಾಗೇ ನಿಲ್ಲುತ್ತದೆ. ಬಿಸಿ ಮಾಡಬೇಕು, ಆಮೇಲೆ ನೆಟ್ಟಗೆ ಮಾಡಬೇಕು, ತಣಿಯುವ ತನಕ ಕೈಬಿಡಬಾರದು. ಈ ಕ್ರಮ ತಪ್ಪಿಸಬೇಡಿ.

ಎರಡನೇ ಮಹಾಯುದ್ಧದ ಜರ್ಮನ್ ಟೈಗರ್ ಟ್ಯಾಂಕನ್ನೇ ನೋಡಿ. ಅದರ 88 ಮಿ.ಮೀ. ತೋಪಿನ ಬ್ಯಾರಲ್ ತನ್ನ ಬಾಯಿಯ ಅಳತೆಯ 56 ಪಟ್ಟು ಉದ್ದ, ಅಂದರೆ 4.9 ಮೀಟರ್ ಚಿಲ್ಲರೆ. ಆಟದ ಮೇಜಿಗೆ ಬರುವ 1/56 ಸ್ಕೇಲ್‌ನಲ್ಲಿ, ಅಂದರೆ ನಿಜದ್ದರ 56ನೇ ಒಂದು ಪಾಲಿನ ಅಳತೆಯಲ್ಲಿ, ಅದು 88 ಮಿ.ಮೀ. ಆಗುತ್ತದೆ, ಬಾಯಿ ಬರೀ ಒಂದೂವರೆ ಮಿ.ಮೀ. ಅಷ್ಟು ಸಣಕಲು ಭಾಗದ ಮೇಲೆ ಹೆಬ್ಬೆರಳು ಒತ್ತಿದರೆ ಮುರಿಯದೆ ಇರುತ್ತದೆಯೇ?

ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಒಂದೆರಡು ನಿಮಿಷ ಬಿಡಿ. ಬ್ಯಾರಲ್ಲನ್ನು ಇಕ್ಕಳದಲ್ಲಿ ಹಿಡಿದು ಅರ್ಧ ನಿಮಿಷ ಮುಳುಗಿಸಿ. ಗಾಜಿನ ಮೇಲೋ ಟೈಲ್ಸ್ ಮೇಲೋ ಮೆಲ್ಲಗೆ ಉರುಳಿಸಿ, ನೆಟ್ಟಗಾದ ಕೂಡಲೇ ತಣ್ಣೀರಿಗೆ ಹಾಕಿ. ಸಾಲದಿದ್ದರೆ ಮತ್ತೊಮ್ಮೆ ಮಾಡಿ. ಎಷ್ಟು ಬಿಸಿ ಬೇಕು ಅನ್ನುವುದು ರೆಸಿನ್‌ನಿಂದ ರೆಸಿನ್‌ಗೆ ಬದಲಾಗುತ್ತದೆ, ಅದಕ್ಕೇ ಕಡಿಮೆಯಿಂದ ಶುರುಮಾಡಿ. ಲೈಟರ್, ಮೇಣದಬತ್ತಿ ಹತ್ತಿರಕ್ಕೂ ತರಬೇಡಿ. 3ಡಿ ಪ್ರಿಂಟರ್‌ನಲ್ಲಿ ಬಂದ ರೆಸಿನ್ ಬೇರೆ ಜಾತಿಯದು. ಅದೂ ಬಿಸಿನೀರಿಗೆ ಸ್ವಲ್ಪ ಬಗ್ಗಬಹುದು, ಆದರೆ ಕೆಲವು ತೀರಾ ಪೆಡಸು. ಮೊದಲು ಸಪೋರ್ಟ್‌ನ (ಪ್ರಿಂಟ್ ಆಗುವಾಗ ಆಸರೆಗಿರುವ, ಆಮೇಲೆ ಕಿತ್ತು ಹಾಕುವ ಕಡ್ಡಿಯ) ತುಂಡೊಂದರ ಮೇಲೆ ಪರೀಕ್ಷಿಸಿ.

ಕುವೆಂಪುನಗರದ ನಿವೃತ್ತ ಸೈನಿಕರೊಬ್ಬರು ಮೊಮ್ಮಗನಿಗೆಂದು ತರಿಸಿದ ಸೆಂಚೂರಿಯನ್ ಟ್ಯಾಂಕ್ ಮಾದರಿಯ ಗೋಪುರವನ್ನು (ತೋಪು ಕೂರುವ ಮೇಲ್ಭಾಗವನ್ನು) ಕರ್ಚೀಫಿನಲ್ಲಿ ಸುತ್ತಿಕೊಂಡು ಬಂದಿದ್ದರು. 1971ರ ಭಾರತ-ಪಾಕ್ ಯುದ್ಧದಲ್ಲಿ, ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಪರಮವೀರ ಚಕ್ರದ ಅರುಣ್ ಖೇತರ್‌ಪಾಲ್ ಕೊನೆಯುಸಿರಿನ ತನಕ ಬಿಡದ 'ಫಾಮಗುಸ್ತಾ' ಅದೇ ಜಾತಿಯ ಟ್ಯಾಂಕು. ಆ ಹೆಸರನ್ನೇ ಬರೆಸಬೇಕೆಂದು ಅವರ ಆಸೆ. ಬ್ಯಾರಲ್ ಬಿಲ್ಲಿನ ಹಾಗೆ ಬಾಗಿತ್ತು, ಆದರೆ ಅವರು ಕೈ ಹಚ್ಚಿರಲಿಲ್ಲ. ಬಿಸಿನೀರಿಗಿಟ್ಟೆ. ನಾನು ಮುಟ್ಟುವ ಮುಂಚೆಯೇ ಸೊಟ್ಟ ಬಿಟ್ಟುಕೊಂಡು ನಿಧಾನವಾಗಿ ನೆಟ್ಟಗಾಯಿತು. "ನೋಡ್ರೀ, ತಾನೇ ಅಟೆನ್ಷನ್‌ಗೆ ನಿಂತ್ಕೊಂಡ್ತು!" ಎಂದು ಹಿಗ್ಗಿದರು. ಅಚ್ಚಿನಲ್ಲಿ ನೆಟ್ಟಗೇ ಹುಟ್ಟಿ, ಆಮೇಲೆ ಸೆಖೆಗೋ ಪ್ಯಾಕಿಂಗ್ ಒತ್ತಡಕ್ಕೋ ಬಾಗಿದ ರೆಸಿನ್ ಬಿಸಿಯಾದಾಗ ಎಷ್ಟೋ ಸಲ ಹುಟ್ಟಿದ ಆಕಾರಕ್ಕೆ ಮರಳುತ್ತದೆ.

ಈಗಾಗಲೇ ಮುರಿದುಕೊಂಡವರು ತುಂಡನ್ನು ಎಸೆಯಬೇಡಿ. ಎರಡೂ ಕಡೆ ಸಣ್ಣ ತೂತು ಕೊರೆದು, ತೆಳು ಹಿತ್ತಾಳೆ ಕಡ್ಡಿ ತೂರಿಸಿ ಸೂಪರ್ ಗ್ಲೂ ಹಾಕಿದರೆ ಗಟ್ಟಿಯಾಗಿ ಕೂರುತ್ತದೆ. ಪ್ಲಾಸ್ಟಿಕ್ ಕಿಟ್‌ಗಳಿಗೆ ಬಳಸುವ, ಸಿಮೆಂಟ್ ಎಂದು ಕರೆಯುವ ಅಂಟು ರೆಸಿನ್‌ಗೆ ಹಿಡಿಯುವುದಿಲ್ಲ. ಅಂಟಿಸಿದ ಜಾಗವನ್ನು ಉಜ್ಜುವಾಗ ಮಾಸ್ಕ್ ಹಾಕಿಕೊಂಡು, ಉಜ್ಜುಕಾಗದವನ್ನು ನೀರಲ್ಲಿ ನೆನೆಸಿಯೇ ಉಜ್ಜಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮನೆಯಲ್ಲಿ ಮಕ್ಕಳಿದ್ದರಂತೂ ಇನ್ನೂ ಜಾಗ್ರತೆ.