ಪಾಚಿ ತಿನ್ನದ ಬಸವನಹುಳು

ಕಾರವಾರದ ಟಾಗೋರ್ ಕಡಲತೀರದಲ್ಲಿ ಇಳಿತದ ಹೊತ್ತಿಗೆ ನಡೆದರೆ ಕಾಲಿಗೆ ಖಾಲಿ ಚಿಪ್ಪುಗಳು ಸಿಗುತ್ತವೆ. ಕೆಲವದರಲ್ಲಿ ಡ್ರಿಲ್ ಹಾಕಿದ ಹಾಗೆ ದುಂಡಗಿನ ತೂತು ಇರುತ್ತದೆ. ಚಿಕ್ಕವರಿದ್ದಾಗ ಅದರಲ್ಲೇ ದಾರ ಪೋಣಿಸಿ ಸರ ಮಾಡುತ್ತಿದ್ದೆವು. ಆ ತೂತು ಕೊರೆದದ್ದು ಒಂದು ಬಸವನಹುಳು, ಅದೂ ಊಟಕ್ಕಾಗಿ ಅನ್ನೋದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಮಳೆಗಾಲದಲ್ಲಿ ತೋಟದ ಎಲೆ ಮೇಯುವ ಬಸವನಹುಳು ನೋಡಿದವರಿಗೆ ಇದು ನಂಬಲು ಕಷ್ಟ, ಅಲ್ವಾ? ಆದರೆ ಕಡಲಿನಲ್ಲಿ ಮಾಂಸ ತಿನ್ನುವ ಬಸವನಹುಳುಗಳು ಬೇಕಾದಷ್ಟಿವೆ.

ಕೋಡಿಬಾಗದ ಗೆಳೆಯನೊಬ್ಬನ ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇದೆ. ಕಲ್ಲು, ಮರಳು, ಎರಡು ಕ್ಲೌನ್ ಮೀನು. ಹವಳಕ್ಕೆ ಅವನು ಕೈ ಹಾಕಿಲ್ಲ. ನಮ್ಮ ನೇತ್ರಾಣಿ ದ್ವೀಪದ ಹವಳವೂ ಸೇರಿ ದೇಶದ ಬಂಡೆ ಕಟ್ಟುವ ಹವಳಗಳಿಗೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಇರಲೇಬೇಕು. ಅವನು ಆರು ಬಂಬಲ್‌ಬೀ ಸ್ನೇಲ್ ತಂದಿದ್ದ. ಕಪ್ಪು-ಹಳದಿ ಪಟ್ಟೆ, ಉಗುರಿನಷ್ಟು ಗಾತ್ರ, ನೋಡಲು ತುಂಬ ಚೆಂದ. ಪಾಚಿ ತಿಂದು ಗಾಜು ಸ್ವಚ್ಛ ಮಾಡುತ್ತವೆ ಎಂದು ಮಾರಿದವರು ಹೇಳಿದ್ದರಂತೆ. ಎರಡು ತಿಂಗಳಾದರೂ ಪಾಚಿ ಹಾಗೇ ಇತ್ತು. ಪಾಚಿ ಮೇಯಲೆಂದೇ ಬಿಟ್ಟಿದ್ದ ಟ್ರೋಕಸ್ ಬಸವನಹುಳುಗಳಲ್ಲಿ ಎರಡರ ಶಂಖ ಮಾತ್ರ ಖಾಲಿಯಾಗಿ ಬಿದ್ದಿತ್ತು.

ಒಂದು ರಾತ್ರಿ ದೀಪ ಆರಿಸಿ, ಟಾರ್ಚಿಗೆ ಬೆಳಕು ಹಾಯುವ ಕೆಂಪು ಕಾಗದ ಸುತ್ತಿ ಕಾದು ಕುಳಿತೆವು. ಒಂದು ಬಂಬಲ್‌ಬೀ ಕಲ್ಲಿನ ಮೇಲೆ ಹೊರಟಿತು. ತಲೆಯ ಮುಂದೆ ದಾರದಷ್ಟು ಸಣ್ಣ ಕೊಳವೆಯೊಂದನ್ನು ಎಡಕ್ಕೆ, ಬಲಕ್ಕೆ ಆಡಿಸುತ್ತಿತ್ತು. ಅದರ ಹೆಸರು ಸೈಫನ್. ಅದರಿಂದ ಎಳೆದ ನೀರು ಒಳಗಿರುವ ಆಸ್ಫ್ರೇಡಿಯಂ ಎಂಬ ಅಂಗದ ಮೇಲೆ ಹಾಯುತ್ತದೆ. ವಾಸನೆ ತಿಳಿಯುವುದು ಅಲ್ಲಿ. ಬಿರುಕೊಂದರ ಹತ್ತಿರ ಕೊಳವೆ ನಿಂತಿತು. ಆಮೇಲೆ ಅದರ ಕೆಳಗಿನಿಂದ ಇನ್ನೊಂದು ಸೊಂಡಿಲು ಮೆಲ್ಲಗೆ ಹೊರಬಂದು ಬಿರುಕಿನೊಳಗೆ ಇಳಿಯಿತು. ಇದು ಬಾಯಿ. ತುದಿಯಲ್ಲಿ ಹೆರೆಮಣೆಯಂಥ ಸಣ್ಣ ಹಲ್ಲುಗಳ ಪಟ್ಟಿ, ರ‍್ಯಾಡುಲಾ. ಬಿರುಕಿನಲ್ಲಿ ಅಡಗಿದ್ದದ್ದು ಬಿರುಗೂದಲಿನ ಹುಳು. ಬಂಬಲ್‌ಬೀಗೆ ಇಷ್ಟದ ಊಟವೇ ಅದು. ಕಾಲು ಗಂಟೆ ಬಂಬಲ್‌ಬೀ ಜಾಗ ಬಿಟ್ಟು ಅಲ್ಲಾಡಲಿಲ್ಲ.

ಮೂಲೆಯಲ್ಲಿ ಮೂರನೆಯ ಟ್ರೋಕಸ್ ಮಗುಚಿ ಬಿದ್ದಿತ್ತು. ಟ್ರೋಕಸ್ ಸಾಮಾನ್ಯವಾಗಿ ತಾನೇ ತಿರುಗಿ ಏಳುತ್ತದೆ, ಆದರೆ ಇದು ಎದ್ದಿರಲಿಲ್ಲ. ಅದರ ಶಂಖದ ಬಾಯಿಯ ಸುತ್ತ ಮೂರು ಬಂಬಲ್‌ಬೀ ಸೇರಿದ್ದವು. ಕಲ್ಲಿನ ಹುಳುಗಳು ಕಡಿಮೆಯಾದ ಮೇಲೆ ಅವು ಸಿಕ್ಕಿದ ಮಾಂಸಕ್ಕೆ ಬಂದಿದ್ದವು. ಹಸಿದದ್ದು ತಿನ್ನುತ್ತದೆ, ಅದರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ.

ಶಂಖ ನೋಡಿಯೇ ಊಟ ಊಹಿಸಬಹುದೇ? ಸ್ವಲ್ಪ ಮಟ್ಟಿಗೆ. ಶಂಖದ ಬಾಯಿಯ ತುದಿಯಲ್ಲಿ ಸೈಫನ್ ಹಾಯಲು ಸೀಳು ಇದ್ದರೆ ಮಾಂಸಾಹಾರಿ ಇರಬಹುದು. ಪಾಚಿ ಮೇಯುವ ಟ್ರೋಕಸ್, ಟರ್ಬೋಗಳಿಗೆ ಅದಿಲ್ಲ. ಆದರೆ ಸೆರಿತ್ ಎಂಬ ಬಸವನಹುಳುವಿಗೆ ಸೀಳು ಇದ್ದೂ ಅದು ಪಾಚಿ ಮೇಯುತ್ತದೆ. ಚಂದ್ರ ಬಸವನಹುಳುವಿಗೆ ಸೀಳು ಇಲ್ಲದಿದ್ದರೂ ಅದು ಪಕ್ಕಾ ಬೇಟೆಗಾರ. ನಮ್ಮ ದಂಡೆಯ ಚಿಪ್ಪು ಕೊರೆಯುವವರಲ್ಲಿ ಇದೂ ಒಂದು. ಬೆಳಚು ಎಂಬ ಎರಡು ಚಿಪ್ಪಿನ ಜೀವಿಯನ್ನು ಪಾದದಲ್ಲಿ ಅಪ್ಪಿ ಹಿಡಿದು, ಸೊಂಡಿಲಿನ ತುದಿಯ ಗ್ರಂಥಿಯ ದ್ರವದಿಂದ ಸುಣ್ಣ ಮೆತ್ತಗೆ ಮಾಡುತ್ತದೆ. ಆಮೇಲೆ ರ‍್ಯಾಡುಲಾದಿಂದ ಹೆರೆಯುತ್ತದೆ. ಮತ್ತೆ ದ್ರವ, ಮತ್ತೆ ಹೆರೆತ. ಒಂದು ಮಿಲಿಮೀಟರ್ ದಪ್ಪ ಕೊರೆಯಲು ಒಂದು ದಿನಕ್ಕಿಂತ ಜಾಸ್ತಿ ಬೇಕು. ಅದು ಮಾಡಿದ ತೂತು ಹೊರಗೆ ಅಗಲ, ಒಳಗೆ ಕಿರಿದು. ಬೆರಳಿಟ್ಟರೆ ಇಳಿಜಾರು ಸಿಗುತ್ತದೆ.

ಟ್ಯಾಂಕ್ ಸಾಕುವವರು ನಿಜವಾಗಿ ಹೆದರಬೇಕಾದದ್ದು ಪಿರಮಿಡೆಲಿಡ್‌ಗಳಿಗೆ. ಅಕ್ಕಿಕಾಳಿನಷ್ಟೇ ಇರುವ ಬಿಳಿ ಶಂಖ. ಇವಕ್ಕೆ ರ‍್ಯಾಡುಲಾನೇ ಇಲ್ಲ. ಸೂಜಿಯಂಥ ಬಾಯಿ ಚುಚ್ಚಿ ಚಿಪ್ಪುಜೀವಿಗಳ ರಸ ಹೀರುತ್ತವೆ, ಹೆಚ್ಚಾಗಿ ರಾತ್ರಿ.

ನಸೇರಿಯಸ್ ಮಾತ್ರ ನನ್ನ ಮೆಚ್ಚಿನದು. ಹಗಲಿಡೀ ಮರಳಿನಲ್ಲಿ ಹೂತಿರುತ್ತದೆ, ಮೇಲೆ ಸೈಫನ್ನಿನ ತುದಿ ಮಾತ್ರ. ಸತ್ತದ್ದನ್ನು, ಉಳಿದದ್ದನ್ನು ತಿಂದು ನೀರು ಕೊಳೆಯದಂತೆ ನೋಡಿಕೊಳ್ಳುತ್ತದೆ.

ಗೆಳೆಯ ಈಗ ಟ್ರೋಕಸ್ ಮಗುಚಿದ್ದು ಕಂಡರೆ ಎತ್ತಿ ನಿಲ್ಲಿಸುತ್ತಾನೆ. ಎರಡು ದಿನಕ್ಕೊಮ್ಮೆ ಹಸಿ ಶೆಟ್ಲಿಯ (ಸಿಗಡಿಯ) ಚೂರು ಹಾಕುತ್ತಾನೆ. ಮೊನ್ನೆ ನಾನೇ ಹಾಕಿದೆ. ಚೂರು ತಳ ಮುಟ್ಟಿ ಸ್ವಲ್ಪ ಹೊತ್ತಿಗೆ ಮರಳು ಅಲ್ಲಲ್ಲಿ ಉಬ್ಬಿತು. ನಾಲ್ಕು ನಸೇರಿಯಸ್ ಕೊಳವೆ ಎತ್ತಿಕೊಂಡು ಓಡೋಡಿ ಬಂದವು. ಬಂಬಲ್‌ಬೀಗಳು ಕಲ್ಲಿನಿಂದ ಇಳಿದು ಬರುವಷ್ಟರಲ್ಲಿ ಶೆಟ್ಲಿ ಅರ್ಧ ಮುಗಿದಿತ್ತು. ಇನ್ನೊಂದು ಚೂರು ಹಾಕಿದೆವು.