ಬಾಲಕ್ಕೆ ಬುದ್ಧಿ ಹೇಳಲು ಜಾಗವೆಲ್ಲಿ?

60 ಸೆಂಟಿಮೀಟರ್ ಉದ್ದದ ನನ್ನ ಗಾಜಿನ ತೊಟ್ಟಿಯಲ್ಲಿ ಒಮ್ಮೆ ಎರಡು ಗಂಡು ಡ್ವಾರ್ಫ್ ಗೌರಾಮಿ ಮೀನುಗಳಿದ್ದವು. ಮೊದಲ ಮೂರು ದಿನ ಎರಡೂ ನೀಲಿ-ಕೆಂಪು ಪಟ್ಟೆಗಳನ್ನು ಮಿನುಗಿಸುತ್ತ, ಹೊಟ್ಟೆಯ ಕೆಳಗಿನ ದಾರದಂತಹ ರೆಕ್ಕೆಗಳಿಂದ ಒಂದನ್ನೊಂದು ಸವರಿ ನೋಡುತ್ತ ಓಡಾಡಿದವು. ನೋಡಿದವರು ಸ್ನೇಹವೆಂದರು, ನಾನೂ ನಂಬಿದೆ. ನಾಲ್ಕನೆಯ ದಿನ ಬೆಳಿಗ್ಗೆ ಒಂದು ಮೀನು ಕಾಣಿಸಲಿಲ್ಲ. ಹುಡುಕಿದರೆ, ಹೀಟರಿಗೂ ಗಾಜಿಗೂ ನಡುವಿನ ಎರಡು ಬೆರಳಗಲದ ಸಂದಿಯಲ್ಲಿ ಮೂತಿ ಮೇಲೆ ಮಾಡಿ, ರೆಕ್ಕೆಗಳನ್ನೆಲ್ಲ ಮೈಗೆ ಅಂಟಿಸಿಕೊಂಡು ನಿಂತಿತ್ತು. ಬಣ್ಣವೆಲ್ಲ ಇಳಿದು ಬೂದಿಯಾಗಿತ್ತು. ಇನ್ನೊಂದು ಮೀನು ತೊಟ್ಟಿಯ ನಟ್ಟನಡುವೆ ತೇಲುತ್ತಿತ್ತು. ಅದು ಕಚ್ಚುತ್ತಿರಲಿಲ್ಲ, ಬೆನ್ನಟ್ಟುತ್ತಲೂ ಇರಲಿಲ್ಲ. ಗೌರಾಮಿಗಳು ಕಿವಿರಿನ ಜೊತೆಗೆ ನೀರಿನ ಮೇಲಿನ ಗಾಳಿಯನ್ನೂ ಉಸಿರಾಡುವ ಮೀನುಗಳು. ಸಂದಿಯಲ್ಲಿದ್ದುದು ಗಾಳಿ ನುಂಗಲು ಮೇಲೆ ಬಂದಾಗಲೆಲ್ಲ ಗೆದ್ದ ಮೀನು ಸುಮ್ಮನೆ ತುಸು ಮೈ ತಿರುಗಿಸುತ್ತಿತ್ತು. ಅಷ್ಟಕ್ಕೇ ಸೋತದ್ದು ಅರ್ಧ ಉಸಿರಿನಲ್ಲೇ ಕೆಳಗಿಳಿಯುತ್ತಿತ್ತು.

ಇಂತಹ ಹೊತ್ತಿನಲ್ಲಿ ಬಾಯಿಗೆ ಬರುವ ಮೊದಲ ಮಾತು, ‘ಈ ಮೀನಿನ ಬುದ್ಧಿಯೇ ಸರಿಯಿಲ್ಲ’ ಎಂಬುದು. ಮೀನನ್ನು ಬೈಯುವ ಮುನ್ನ ಅದೇ ಜಗಳ ಕೆರೆಯಲ್ಲೋ ಹಳ್ಳದಲ್ಲೋ ನಡೆದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಬೇಕು. ಎರಡು ಗಂಡುಗಳು ಎದುರಾಗುತ್ತವೆ, ರೆಕ್ಕೆ ಅಗಲಿಸಿ ಮೈಯನ್ನು ದೊಡ್ಡದು ಮಾಡಿ ತೋರಿಸುತ್ತವೆ. ಒಂದಕ್ಕೆ ತನ್ನ ಅಳತೆ ಗೊತ್ತಾಗುತ್ತದೆ. ಅದು ಕಾಲಿಗೆ ಬುದ್ಧಿ ಹೇಳುತ್ತದೆ. ಮೀನಿಗೆ ಕಾಲಿಲ್ಲ, ಬಾಲಕ್ಕೆ ಹೇಳುತ್ತದೆ ಎನ್ನೋಣ. ನಾಲ್ಕು ಮೊಳ ಆಚೆ ಹೋಗಿ ಜೊಂಡಿನ ಮರೆ ಸೇರಿದರೆ ಪ್ರಕರಣ ಮುಗಿಯಿತು. ನನ್ನ ತೊಟ್ಟಿಯಲ್ಲಿ ಸೋತ ಮೀನೂ ಸೋಲನ್ನು ಒಪ್ಪಿಕೊಂಡೇ ಇತ್ತು. ಒಪ್ಪಿಕೊಂಡ ಮೇಲೆ ಹೋಗುವುದಕ್ಕೆ ಅದಕ್ಕೆ ಜಾಗವಿರಲಿಲ್ಲ. ಅದು ಕಣ್ಣೆದುರೇ ಉಳಿದದ್ದನ್ನು ಗೆದ್ದ ಮೀನು ‘ಇನ್ನೂ ಸವಾಲು ಹಾಕುತ್ತಿದೆ’ ಎಂದೇ ಓದಿಕೊಂಡಿತು. ಜಗಳ ಶುರುವಾಗುವುದು ಮೀನಿನ ಸ್ವಭಾವದಿಂದ, ಮುಗಿಯದೆ ಉಳಿಯುವುದು ಗಾಜಿನಿಂದ.

ಮೀನುಗಳ ಕಾದಾಟಕ್ಕೆ ಒಂದು ಕ್ರಮವಿದೆ. ಸ್ವೀಡನ್ನಿನ ಮಾಗ್ನಸ್ ಎನ್‌ಕ್ವಿಸ್ಟ್ ಮತ್ತು ಓಲೊಫ್ ಲೈಮಾರ್ 1983ರಲ್ಲಿ ಇದಕ್ಕೊಂದು ಗಣಿತದ ಮಾದರಿ ಕೊಟ್ಟರು. ಅವರ ಪ್ರಕಾರ ಕಾದಾಟವೆಂದರೆ ಪರಸ್ಪರರ ಬಲವನ್ನು ಕಂತುಕಂತಾಗಿ ಅಳೆಯುವ ವಿಧಾನ. ಕಡಿಮೆ ಖರ್ಚಿನ ಅಳತೆ ಮೊದಲು, ದುಬಾರಿಯದು ಆಮೇಲೆ. ನಂತರ ಸಿಕ್ಲಿಡ್ ಎಂಬ ಮೀನು ಕುಟುಂಬದ ನ್ಯಾನಕಾರ ಎಂಬ ಪುಟ್ಟ ಮೀನಿನ ಮೇಲೆ ಇದನ್ನು ಪರೀಕ್ಷಿಸಲಾಯಿತು. ಮೊದಲು ನೋಟ ಮತ್ತು ಪ್ರದರ್ಶನ, ಬಳಿಕ ಬಾಲ ಬೀಸಿ ಎದುರಾಳಿಯ ಮೈಗೆ ನೀರಿನ ಹೊಡೆತ, ಆಮೇಲೆ ಬಾಯಿಗೆ ಬಾಯಿ ಕಚ್ಚಿ ಜಗ್ಗಾಟ, ಕೊನೆಗೆ ಸುತ್ತು ಹಾಕುತ್ತ ಕಚ್ಚಾಟ. ಗಾತ್ರದಲ್ಲಿ ಹೆಚ್ಚು ಅಂತರವಿದ್ದರೆ ವ್ಯವಹಾರ ಮೊದಲ ಮೆಟ್ಟಿಲಲ್ಲೇ ತೀರ್ಮಾನವಾಗುತ್ತದೆ. ಇಬ್ಬರೂ ಸರಿಸಮನಾಗಿದ್ದಷ್ಟೂ ಕೊನೆಯ ಮೆಟ್ಟಿಲಿನವರೆಗೆ ಹೋಗುತ್ತದೆ. ‘ಒಂದೇ ಅಳತೆಯವು, ಜೋಡಿ ಚೆನ್ನಾಗಿರುತ್ತದೆ’ ಎಂದು ಎರಡು ಗಂಡುಗಳನ್ನು ತಂದು ಬಿಡುವುದು ಎಷ್ಟು ದೊಡ್ಡ ತಪ್ಪು ಎಂಬುದು ಇದರಿಂದ ತಿಳಿಯುತ್ತದೆ. ನಾನು ಮಾಡಿದ್ದೂ ಅದನ್ನೇ.

ಸೋಲು ಬರೀ ಮನಸ್ಸಿನ ಮಾತಲ್ಲ, ಮೈಗೂ ಇಳಿಯುತ್ತದೆ. ಆಫ್ರಿಕಾದ ಟ್ಯಾಂಗನಿಕಾ ಸರೋವರದ ಬರ್ಟೋನಿ ಎಂಬ ಸಿಕ್ಲಿಡ್ ಮೀನನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಸೆಲ್ ಫರ್ನಾಲ್ಡ್ ದಶಕಗಳ ಕಾಲ ಅಭ್ಯಾಸ ಮಾಡಿದರು. ಅದರಲ್ಲಿ ಅಧಿಪತಿ ಗಂಡಿಗೆ ಉಜ್ವಲ ಬಣ್ಣ, ಕಣ್ಣಿನ ಕೆಳಗೊಂದು ಕಪ್ಪು ಗೆರೆ. ಪಟ್ಟ ಕೈತಪ್ಪಿದ ಕೆಲವೇ ನಿಮಿಷಗಳಲ್ಲಿ ಆ ಗೆರೆ ಅಳಿಸಿಹೋಗುತ್ತದೆ. ಅಧೀನ ಸ್ಥಿತಿ ಮುಂದುವರಿದರೆ ವಾರಗಳಲ್ಲಿ ವೃಷಣಗಳು ಕುಗ್ಗುತ್ತವೆ, ಮಿದುಳಿನಲ್ಲಿ ಸಂತಾನಶಕ್ತಿಯನ್ನು ನಡೆಸುವ ನರಕೋಶಗಳೂ ಸಣ್ಣದಾಗುತ್ತವೆ. ಕಚ್ಚಿದ ಗುರುತೇ ಇಲ್ಲದೆ ಕೆಲವು ಮೀನುಗಳು ಸೊರಗಿ ಸಾಯುವುದನ್ನು ತೊಟ್ಟಿ ಇಟ್ಟವರೆಲ್ಲ ಕಂಡಿರುತ್ತಾರೆ. ಊಟ ಸಿಗದು, ನಿದ್ದೆ ಬಾರದು, ಒತ್ತಡದ ಹಾರ್ಮೋನು ಇಳಿಯದು. ರೋಗ ಅಂಟಲು ಇನ್ನೇನು ಬೇಕು? ಹರಿದ ರೆಕ್ಕೆ ಕಂಡ ಮೇಲೆ ಎಚ್ಚರಗೊಂಡರೆ ತಡವಾಗಿರುತ್ತದೆ. ಮೂಲೆ ಹಿಡಿದು ನಿಲ್ಲುವುದು, ರೆಕ್ಕೆ ಮಡಚಿಕೊಳ್ಳುವುದು, ಬಣ್ಣ ಇಳಿಯುವುದು, ಊಟದ ಹೊತ್ತಿಗೂ ಹೊರಬರದಿರುವುದು ಇವನ್ನೇ ಗಾಯವೆಂದು ಎಣಿಸಬೇಕು.

ಹಾಗಾದರೆ ದೊಡ್ಡ ತೊಟ್ಟಿ ತಂದರೆ ಸಾಕೇ? ಅಮೆರಿಕದ ರೊನಾಲ್ಡ್ ಓಲ್ಡ್‌ಫೀಲ್ಡ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಪ್ರಶ್ನೆಯನ್ನು ಮಿಡಾಸ್ ಸಿಕ್ಲಿಡ್ ಮರಿಗಳ ಮೇಲೆ ಕೇಳಿದರು. ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಗಾತ್ರದ ಮಿತಿಯೊಳಗೆ ತೊಟ್ಟಿಯನ್ನು ತುಸು ಹಿಗ್ಗಿಸಿದ್ದರಿಂದ ಜಗಳ ತಗ್ಗಲಿಲ್ಲ. ನಿಜವಾಗಿ ವಿಶಾಲವಾದ, ಅಡಗುತಾಣಗಳಿಂದ ತುಂಬಿದ ಜಾಗದಲ್ಲಿ ಮಾತ್ರ ತಗ್ಗಿತು. ಕಾರಣ ಊಹಿಸುವುದು ಕಷ್ಟವಲ್ಲ. ಒಂದು ಮೀನು ತನ್ನದೆಂದು ಕಾಯುವ ಸೀಮೆ ಒಂದು ಮೀಟರ್ ಅಗಲವಿದ್ದರೆ 60 ಸೆಂಟಿಮೀಟರಿನ ತೊಟ್ಟಿಯೂ 75 ಸೆಂಟಿಮೀಟರಿನದೂ ಪೂರ್ತಿಯಾಗಿ ಅದರ ಅಂಗಳದೊಳಗೇ ಬೀಳುತ್ತವೆ. ಅಂಗಳ ಸ್ವಲ್ಪ ದೊಡ್ಡದಾಯಿತೇ ಹೊರತು ಬೇಲಿಯಾಚೆಗೆ ಜಾಗ ಹುಟ್ಟಲಿಲ್ಲ.

ಹೀಗಾಗಿ ಸಣ್ಣ ತೊಟ್ಟಿಯವರು ಲೀಟರಿನ ಲೆಕ್ಕಕ್ಕಿಂತ ನೋಟದ ಲೆಕ್ಕ ಹಿಡಿಯುವುದು ಒಳ್ಳೆಯದು. ಮೀನಿನ ಸಿಟ್ಟು ಕಣ್ಣಿನಿಂದ ಹೊತ್ತಿಕೊಳ್ಳುವಂಥದ್ದು. ನೆದರ್ಲೆಂಡ್ಸಿನ ನಿಕೊ ಟಿನ್‌ಬರ್ಗನ್ ಅವರ ಪ್ರಯೋಗಾಲಯದ ಕಿಟಕಿ ಬಳಿ ಸ್ಟಿಕ್‌ಲ್‌ಬ್ಯಾಕ್ ಎಂಬ ಮುಳ್ಳುಮೀನುಗಳ ತೊಟ್ಟಿಗಳಿದ್ದವು. ಬೆದೆಯ ಕಾಲದಲ್ಲಿ ಈ ಗಂಡುಗಳ ಹೊಟ್ಟೆ ಕೆಂಪಾಗುತ್ತದೆ. ಬೀದಿಯಲ್ಲಿ ಕೆಂಪು ಅಂಚೆ ಗಾಡಿ ಹಾದುಹೋದಾಗ ಅವೆಲ್ಲ ಅದರತ್ತ ನುಗ್ಗಿ ಗಾಜಿಗೆ ಎರಗುತ್ತಿದ್ದವು! ಮೀನಿನ ಆಕಾರವೇ ಇಲ್ಲದ, ಕೆಳಭಾಗಕ್ಕೆ ಕೆಂಪು ಬಳಿದ ಬೊಂಬೆಯೂ ಅವುಗಳಿಗೆ ಶತ್ರುವಾಗುತ್ತಿತ್ತು. ಹುಬೇಹೂಬು ಮೀನಿನಂತಿದ್ದು ಕೆಂಪಿಲ್ಲದ ಬೊಂಬೆಯನ್ನು ಅವು ಹೆಚ್ಚು ಲೆಕ್ಕಿಸುತ್ತಿರಲಿಲ್ಲ. (1973ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಮೂವರಲ್ಲಿ ಟಿನ್‌ಬರ್ಗನ್ ಒಬ್ಬರು. ಆ ಅಂಚೆ ಗಾಡಿಗೂ ಅದರಲ್ಲಿ ಚೂರು ಪಾಲಿದೆ ಎಂದು ನನ್ನ ಭಾವನೆ.) ಉದ್ದ ಬಾಲದ ಬಣ್ಣದ ಗಪ್ಪಿಯನ್ನು ಕಂಡು ಫೈಟರ್ ಮೀನು ಕಿವಿರಿನ ಮುಚ್ಚಳ ಅರಳಿಸುವುದು ಇದೇ ಬಗೆಯದು. ಗಪ್ಪಿ ಏನೂ ಮಾಡಿಲ್ಲ, ಅದರ ಉಡುಗೆ ಮಾತ್ರ ಶತ್ರುವಿನದು.

ಕಣ್ಣಿನಿಂದ ಹೊತ್ತಿದ್ದನ್ನು ಕಣ್ಣು ಮರೆಸಿ ಆರಿಸಬಹುದು. ಒಂದು ತುದಿಯಿಂದ ಇನ್ನೊಂದು ತುದಿಗೆ ನೋಟ ನೇರವಾಗಿ ಹರಿಯಬಾರದು. ತೊಟ್ಟಿಯ ಮೂರನೇ ಒಂದು ಭಾಗದಲ್ಲಿ ನೀರಿನ ಮೇಲ್ಮೈ ಮುಟ್ಟುವ ಎತ್ತರಕ್ಕೆ ದಟ್ಟ ಗಿಡ, ನಡುವೆ ಒಂದು ಕೊರಡು, ತೇಲುವ ಸಸ್ಯದ ಜೋತುಬಿದ್ದ ಬೇರುಗಳು ಇಷ್ಟಿದ್ದರೆ ಓಡಿದ ಮೀನು ಒಂದು ಗೇಣಿನಲ್ಲೇ ಮರೆಯಾಗುತ್ತದೆ. ಗುಹೆಯಂತಹ ಅಡಗುತಾಣಕ್ಕೆ ಎರಡು ಬಾಗಿಲಿರಲಿ. ಒಂದೇ ಬಾಗಿಲಿನದು ಬೋನು. ಒಂದೇ ಒಂದು ಗುಹೆ ಇಡುವುದಂತೂ ಇಬ್ಬರ ನಡುವೆ ಒಂದು ಸಿಂಹಾಸನ ಇಟ್ಟ ಹಾಗೆ. ಮೀನುಗಳಿಗಿಂತ ಅಡಗುತಾಣ ಒಂದೆರಡು ಹೆಚ್ಚೇ ಇರಬೇಕು. ಗೌರಾಮಿ, ಫೈಟರ್‌ಗಳಂತಹ ಗಾಳಿ ನುಂಗುವ ಮೀನುಗಳಿಗೆ ಮರೆ ಬೇಕಾದದ್ದು ತಳದಲ್ಲಿ ಅಲ್ಲ, ಮೇಲ್ಮೈಯಲ್ಲಿ. ಇದು ನನಗೆ ಹೊಳೆಯಲು ಒಂದು ಮೀನು ಅರ್ಧ ಉಸಿರಿನಲ್ಲಿ ನಾಲ್ಕು ದಿನ ಕಳೆಯಬೇಕಾಯಿತು.

ಕಾಯುವುದಕ್ಕೆ ಬೆಲೆಬಾಳುವುದು ಏನೂ ಇಲ್ಲದಿದ್ದರೆ, ಅಥವಾ ಕಾಯುವ ಖರ್ಚು ಅತಿಯಾದರೆ, ಯಾವ ಪ್ರಾಣಿಯೂ ಸೀಮೆ ಕಾಯುವುದಿಲ್ಲ. ಹಕ್ಕಿಗಳನ್ನು ಕುರಿತು ಜೆರಮ್ ಬ್ರೌನ್ 1964ರಲ್ಲಿ ಮುಂದಿಟ್ಟ ಈ ವಿಚಾರ ಮೀನಿಗೂ ಹೊಂದುತ್ತದೆ. ಊಟವನ್ನು ದಿನವೂ ಒಂದೇ ಮೂಲೆಯಲ್ಲಿ ಉದುರಿಸಿದರೆ ಆ ಮೂಲೆಗೆ ಒಬ್ಬ ಮಾಲೀಕ ಹುಟ್ಟಿಕೊಳ್ಳುತ್ತಾನೆ. ಎರಡು ತುದಿಗಳಲ್ಲಿ ಒಟ್ಟಿಗೆ ಉದುರಿಸಿದರೆ ಎರಡನ್ನೂ ಕಾಯುವುದು ಅವನಿಂದಾಗದು. ಮಲಾವಿ ಸರೋವರದ ಸಿಕ್ಲಿಡ್‌ಗಳನ್ನು ಸಾಕುವವರು ಬೇಕೆಂದೇ ಕಿಕ್ಕಿರಿದು ತುಂಬಿಸುವುದೂ ಇದೇ ತರ್ಕದ ಮೇಲೆ: ಇಪ್ಪತ್ತು ಮೀನುಗಳನ್ನು ಓಡಿಸಲು ಹೊರಟವನು ಸುಸ್ತಾಗಿ ಕೈಬಿಡುತ್ತಾನೆ, ಪೆಟ್ಟೂ ಒಬ್ಬನ ಮೇಲೇ ಬೀಳದೆ ಹಂಚಿಹೋಗುತ್ತದೆ. ಈ ಉಪಾಯವನ್ನು ಪುಟ್ಟ ತೊಟ್ಟಿಗೆ ತರಬಾರದು. ಮೀನುಗಳ ಕಿವಿರಿನಿಂದ ಹೊರಬರುವ ಅಮೋನಿಯಾವನ್ನು ಅರಗಿಸಿಕೊಳ್ಳುವಷ್ಟು ದೊಡ್ಡ ಫಿಲ್ಟರು, ಅಷ್ಟು ನೀರು ಅಲ್ಲಿರುವುದಿಲ್ಲ. ಜಗಳ ನಿಲ್ಲುತ್ತದೆ, ಮೀನುಗಳೂ ನಿಲ್ಲುತ್ತವೆ.

ಹಂಚಿಕೆಯ ತತ್ವ ಟೈಗರ್ ಬಾರ್ಬ್‌ನಂತಹ ಗುಂಪು ಮೀನುಗಳಲ್ಲಿಯೂ ಚೆನ್ನಾಗಿ ನಡೆಯುತ್ತದೆ. ಎಂಟು-ಹತ್ತರ ಗುಂಪಿದ್ದರೆ ಅವುಗಳ ಕಿತಾಪತಿಯೆಲ್ಲ ತಮ್ಮತಮ್ಮಲ್ಲೇ ಕಳೆಯುತ್ತದೆ. ಮೂರೇ ತಂದರೆ ಏಂಜಲ್ ಮೀನಿನ ಜೋಲು ರೆಕ್ಕೆ ಹರಿದು ನೂಲಾಗುತ್ತದೆ. ಹತ್ತಕ್ಕೆ ಜಾಗವಿಲ್ಲವೆಂದರೆ ಅವನ್ನು ತರುವುದೇ ಬೇಡ. ಗಪ್ಪಿಗಳ ಕಾಟ ಬೇರೆ ಬಗೆಯದು, ಗಂಡುಗಳು ಹೆಣ್ಣನ್ನು ಬಿಡದೆ ಹಿಂಬಾಲಿಸುತ್ತವೆ. ಒಂದು ಗಂಡಿಗೆ ಎರಡು-ಮೂರು ಹೆಣ್ಣುಗಳಿದ್ದರೆ ಯಾವ ಹೆಣ್ಣಿಗೂ ಉಸಿರು ಕಟ್ಟುವುದಿಲ್ಲ.

ಹೊಸ ಮೀನನ್ನು ಬಿಡುವ ದಿನ ಕಲ್ಲು, ಕೊರಡುಗಳ ಜಾಗ ಬದಲಿಸುವುದು ಹಳೆಯ ಉಪಾಯ. ಗಡಿಗುರುತುಗಳು ಕಲಸಿಹೋದರೆ ಹಳಬರೂ ಹೊಸಬರಾಗುತ್ತಾರೆ, ದೀಪ ಆರಿಸಿ ಬಿಟ್ಟರೆ ಇನ್ನೂ ಒಳ್ಳೆಯದು. ಆದರೆ ಜಗಳ ಕಂಡಾಗಲೆಲ್ಲ ಕಲ್ಲು ಕದಲಿಸುತ್ತ ಕೂರುವವರಿದ್ದಾರಲ್ಲ, ಅವರು ನೆಲೆಗೊಂಡ ಒಪ್ಪಂದವನ್ನೂ ಪ್ರತಿಸಲ ಹರಿದು ಹಾಕುತ್ತಿರುತ್ತಾರೆ. ಮೇಲು-ಕೀಳು ಒಮ್ಮೆ ನಿಶ್ಚಯವಾದರೆ ಕಾದಾಟ ಕಡಿಮೆಯಾಗಿ ಸನ್ನೆಯಲ್ಲೇ ಬದುಕು ಸಾಗುತ್ತದೆ. ಆ ಒಪ್ಪಂದದ ಒಂದು ಭಾಗ ನೀರಿನಲ್ಲೇ ಕರಗಿರುತ್ತದೆ. ಎಷ್ಟೋ ಸಿಕ್ಲಿಡ್‌ಗಳು ಮೂತ್ರದ ವಾಸನೆಯಿಂದಲೇ ತಮ್ಮ ಅಂತಸ್ತು ಸಾರುತ್ತವೆ. ಏಂಜಲ್ ಮೀನಿನ ಮರಿಗಳನ್ನು ಅಭ್ಯಾಸ ಮಾಡಿದ ಬ್ರೆಜಿಲ್ಲಿನ ಸಂಶೋಧಕರು ನೀರು ಬದಲಿಸಿದ ಮೇಲೆ ಜಗಳ ಏರುವುದನ್ನು, ಹೆಚ್ಚು ನೀರು ಬದಲಿಸಿದಷ್ಟೂ ಹೆಚ್ಚು ಏರುವುದನ್ನು ಕಂಡರು. ನೀರು ಬದಲಿಸದೆ ಇರಲಾಗದು. ಅರ್ಧ ತೊಟ್ಟಿಯನ್ನು ಒಮ್ಮೆಲೇ ಚೆಲ್ಲುವ ಬದಲು ಸ್ವಲ್ಪಸ್ವಲ್ಪವಾಗಿ ಬದಲಿಸಿದರೆ ಶುಚಿಯೂ ಉಳಿಯುತ್ತದೆ, ಶಾಂತಿಯೂ ಉಳಿಯುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಸೋಜಿಗಗೊಳಿಸುವಂಥದ್ದು. ಪಕ್ಕದಲ್ಲಿದ್ದು ನೋಡುವ ಮೀನುಗಳೂ ಲೆಕ್ಕ ಇಡುತ್ತವೆ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತೇವಲ್ಲ, ಅಕ್ಷರಶಃ ಹಾಗೆ. ರೂಯಿ ಒಲಿವೇರಾ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದ ಪ್ರಕಾರ, ನೆರೆಯ ಎರಡು ಫೈಟರ್‌ಗಳ ಕಾದಾಟವನ್ನು ಗಾಜಿನಾಚೆಯಿಂದ ನೋಡಿದ ಗಂಡು, ಮುಂದೆ ಗೆದ್ದವನ ಬಳಿ ಹೋಗಲು ಹಿಂಜರಿಯುತ್ತದೆ, ಸೋತವನ ಬಳಿ ಬೇಗ ಹೋಗುತ್ತದೆ. 2007ರಲ್ಲಿ ಫರ್ನಾಲ್ಡ್ ಅವರ ತಂಡ ಇನ್ನೂ ಮುಂದೆ ಹೋಯಿತು. ಐದು ಗಂಡು ಬರ್ಟೋನಿಗಳಲ್ಲಿ ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಹೀಗೆ ಸಾಲಾಗಿ ಸೋಲಿಸುವುದನ್ನು ಒಂದು ಮೀನಿಗೆ ತೋರಿಸಲಾಯಿತು. ಎರಡನೆಯದೂ ನಾಲ್ಕನೆಯದೂ ನೇರ ಕಾದಾಡಿದ್ದನ್ನು ಅದು ಕಂಡಿರಲಿಲ್ಲ. ಆದರೂ ಅವೆರಡರ ನಡುವೆ ಬಿಟ್ಟಾಗ ನಾಲ್ಕನೆಯದೇ ದುರ್ಬಲವೆಂದು ಅದಕ್ಕೆ ಗೊತ್ತಾಗಿತ್ತು. ಒಮ್ಮೆ ಸೋತ ಮೀನನ್ನು ಆಮೇಲೆ ಎಲ್ಲರೂ ಏಕೆ ಅಟ್ಟುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ. ಮೇಲಾಗಿ ಸೋಲಿನ ಪರಿಣಾಮ ಗೆಲುವಿನದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ.

ಅದಕ್ಕೇ ಹೊರಗೆ ತೆಗೆಯಬೇಕಾಗಿ ಬಂದರೆ ತೆಗೆಯಬೇಕಾದ್ದು ಸೋತವನನ್ನಲ್ಲ, ಗೆದ್ದವನನ್ನು. ಬಲಿಪಶುವನ್ನು ಎತ್ತಿ ಬೇರೆ ಕಡೆ ಇಟ್ಟರೆ ಗೆದ್ದವನು ಮುಂದಿನವನನ್ನು ಹುಡುಕುತ್ತಾನೆ. ಗೆದ್ದವನನ್ನು ಕೆಲವು ದಿನ ಬೇರೆ ತೊಟ್ಟಿಯಲ್ಲಿಟ್ಟು ಮರಳಿ ತಂದರೆ ಆತ ಅಂಗಳವಿಲ್ಲದ ಹೊಸಬ. ಅಷ್ಟರಲ್ಲಿ ಉಳಿದವರು ಜಾಗ ಹಿಡಿದಿರುತ್ತಾರೆ. ಮರಿ ಕಾಯುವ ಸಿಕ್ಲಿಡ್ ಜೋಡಿಗೆ ಮಾತ್ರ ಈ ಚಿಕಿತ್ಸೆ ನಾಟುವುದಿಲ್ಲ. ಮೊಟ್ಟೆಯಿಟ್ಟ ದಿನದಿಂದ ಇಡೀ ತೊಟ್ಟಿ ಅವುಗಳ ಬಾಣಂತಿ ಕೋಣೆ, ಉಳಿದವರನ್ನೇ ಸ್ಥಳಾಂತರಿಸಬೇಕು. ಗಂಡು ಫೈಟರ್‌ಗಳಿಗೂ ರಾಜಿ ಪಂಚಾಯಿತಿ ಇಲ್ಲ. ತಲೆಮಾರುಗಳ ಕಾಲ ಕಾದಾಟಕ್ಕೆಂದೇ ಮನುಷ್ಯರು ಆರಿಸಿ ಬೆಳೆಸಿದ ತಳಿಯ ರಕ್ತ ಅವುಗಳದು; ಒಂದು ಒರೆಗೆ ಒಂದೇ ಕತ್ತಿ.

ಇಷ್ಟೆಲ್ಲ ತಿಳಿಯುವ ಮುನ್ನ ನಾನು ಮಾಡಿದ್ದು ತಲೆಕೆಳಗಿನ ಕೆಲಸ. ಹೀಟರಿನ ಸಂದಿಯ ಗೌರಾಮಿಯನ್ನೇ ಬಲೆಯಲ್ಲಿ ಹಿಡಿದು ಗಿಡಗಳಿದ್ದ ಖಾಲಿ ತೊಟ್ಟಿಗೆ ಬಿಟ್ಟೆ. ಎರಡು ದಿನ ಅದು ಎಲೆಗಳ ಹಿಂದಿನಿಂದ ಕದಲಲಿಲ್ಲ. ಮೂರನೆಯ ದಿನ ನೀಲಿ ಬಣ್ಣ ಕಿವಿರಿನ ಬಳಿಯಿಂದ ಶುರುವಾಗಿ ಹಿಂದಕ್ಕೆ ಹರಡಿತು. ವಾರ ಕಳೆಯುವಷ್ಟರಲ್ಲಿ ಮೇಲ್ಮೈಯ ಒಂದು ಮೂಲೆಯಲ್ಲಿ ನೊರೆಗುಳ್ಳೆಗಳ ಗೂಡು ಕಟ್ಟಿತ್ತು. ಅದೇ ಸಂಜೆ ಕೋಣೆಯ ಬೆಳಕು ಆರಿಸಿ ತೊಟ್ಟಿಯ ದೀಪ ಮಾತ್ರ ಉಳಿಸಿದಾಗ ಒಳಗಾಜು ಕನ್ನಡಿಯಾಯಿತು. ಅಲ್ಲಿ ಕಂಡ ಗಂಡು ಗೌರಾಮಿಯ ಎದುರು ಅದು ರೆಕ್ಕೆ ಅಗಲಿಸಿ ನಿಂತಿತು. ಎದುರಾಳಿಯ ಅಳತೆ ಸರಿಸಮ, ಬಣ್ಣವೂ ಸರಿಸಮ, ಒಂದಂಗುಲ ಹಿಂದೆ ಸರಿಯುವ ಲಕ್ಷಣವಿಲ್ಲ. ಆ ಬದಿಯ ಗಾಜಿನ ಹೊರಗೆ ಕಪ್ಪು ಕಾಗದ ಅಂಟಿಸಿದೆ. ಪ್ರತಿಬಿಂಬ ಇನ್ನೂ ಸ್ಪಷ್ಟವಾಯಿತು. ಬಿಳಿ ಕಾಗದ ಅಂಟಿಸಿ, ಕೋಣೆಯ ದೀಪ ಹೊತ್ತಿಸಿದ ಮೇಲೆ ಅದು ತನ್ನ ಗೂಡಿನತ್ತ ಮರಳಿತು.